ಜಾಲರಿ ಬಿಚ್ಚಿದ ಫಿಟ್ಟರ್ ಸೂಪರ್‌ವೈಸರ್ ಆದದ್ದು

ನನಗೆ ಬರುವ ಟೀ ಸಾಸರ್ ಸಮೇತ ಬರುತ್ತದೆ. ಕಾಫಿ ಹಣ್ಣು ಸುಲಿಯುವ ಪಲ್ಪಿಂಗ್ ಮನೆಯಲ್ಲಿ ಕೆಲಸ ಮಾಡುವ ಹನ್ನೊಂದು ಜನಕ್ಕೆ ಸ್ಟೀಲ್ ಲೋಟ. ನನಗೊಬ್ಬನಿಗೆ ಹೂವಿನ ಚಿತ್ರದ ಪಿಂಗಾಣಿ ಕಪ್ಪು, ಅದರ ಕೆಳಗೊಂದು ಸಾಸರ್. ಇವತ್ತು ಬೆಳಿಗ್ಗೆಯೂ ಹಾಗೇ ಬಂತು. ತಂದಿಟ್ಟವಳು ಆಚೆ ಹೋದ ಮೇಲೆ, ದಿನವೂ ಮಾಡುವಂತೆ, ಕಪ್ಪನ್ನು ಎತ್ತಿ ಕೆಳಗೆ ನೋಡಿದೆ. ಏನು ಹುಡುಕುತ್ತೀ ಎಂದು ಮಾತ್ರ ಕೇಳಬೇಡಿ. ಇದು ಗೌರವವೋ, ಲೇವಡಿಯೋ, ‘ನೀನೀಗ ನಮ್ಮವನಲ್ಲ’ ಎಂದು ಜಗಳವಾಡದೆ ತಿಳಿಸುವ ಉಪಾಯವೋ, ಹನ್ನೆರಡು ವರ್ಷವಾದರೂ ನನಗೆ ಗೊತ್ತಾಗಿಲ್ಲ. ಟೀ ಮಾತ್ರ ಚೆನ್ನಾಗಿರುತ್ತದೆ. ಯಾಕೆ ಇಷ್ಟು ಚೆನ್ನಾಗಿರುತ್ತದೆ ಎನ್ನುವುದೂ ಒಂದು ಯೋಚನೆ.

ಅನುಮಾನ ನನ್ನ ಹುಟ್ಟುಗುಣ. ಗೊಬ್ಬರದಂಗಡಿಯವನು ಹೊಸ ವರ್ಷಕ್ಕೆ ಪುಕ್ಕಟೆ ಕ್ಯಾಲೆಂಡರ್ ಕೊಟ್ಟರೆ, ಹನ್ನೆರಡು ತಿಂಗಳೂ ಇವೆಯೇ ಎಂದು ಅಲ್ಲೇ ನಿಂತು ತಿರುವಿ ನೋಡುತ್ತೇನೆ. ಪಕ್ಕದ ಮನೆಯವರು ಹಲಸಿನ ಹಣ್ಣು ಕಳಿಸಿದರೆ, ಇವರಿಗೆ ನಮ್ಮ ಏಣಿ ಬೇಕಾಗಿದೆಯೇನೋ ಎಂದುಕೊಳ್ಳುತ್ತೇನೆ. ಹಬ್ಬವಿಲ್ಲದ ದಿನ ನನ್ನ ಹೆಂಡತಿ ಗಿರಿಜೆ ಹೋಳಿಗೆ ತಟ್ಟಿದರೆ, “ಏನ್ ವಿಷ್ಯ?” ಎಂದು ಕೇಳಿಯೇ ಕೇಳುತ್ತೇನೆ. “ಬೇಳೆ ಮಿಕ್ಕಿತ್ತು, ಅದೇ ವಿಷ್ಯ. ತಿನ್ನೋದಾದ್ರೆ ತಿನ್ನಿ,” ಎನ್ನುತ್ತಾಳೆ ಅವಳು. ಯಂತ್ರಗಳ ಜೊತೆ ಬದುಕುವವನಿಗೆ ಈ ಗುಣ ಒಳ್ಳೆಯದೇ. ಸದ್ದು ಒಂದಿಷ್ಟು ಬದಲಾದರೆ ಕಿವಿ ನಿಮಿರುತ್ತದೆ, ಬಿಚ್ಚಿ ನೋಡಿದರೆ ಒಳಗೆ ಬೇರಿಂಗ್ ಸವೆದಿರುತ್ತದೆ. ಮನುಷ್ಯರನ್ನು ಹಾಗೆ ಬಿಚ್ಚಿ ನೋಡಲು ಬರುವುದಿಲ್ಲ. ನನ್ನ ತೊಂದರೆಯೆಲ್ಲ ಅಲ್ಲೇ.

ಹನ್ನೆರಡು ವರ್ಷದ ಹಿಂದೆ ನಾನು ಫಿಟ್ಟರ್. ಹೆಸರಿಗೆ ದಿನಗೂಲಿ, ಸೀಸನ್ನಿನಲ್ಲಿ ಗಂಟೆ ಲೆಕ್ಕದ ಓಟಿ. ಬೆಳಗೋಡಿನಿಂದ ಮೇಲೆ ಹತ್ತಿದರೆ ಸಿಗುವ ನಮ್ಮ ಎಸ್ಟೇಟಿನಲ್ಲಿ ಪಲ್ಪರ್, ಪಂಪು, ಸ್ಪ್ರೇಯರ್, ತಿರುಗುವ ವಸ್ತು ಯಾವುದಿದ್ದರೂ ನನ್ನ ಪಾಲಿಗೆ. ಎಲ್ಲರೂ ಕರೆಯುತ್ತಿದ್ದುದು ಫಿಟ್ಟರ್ ಎಂದೇ, ನನ್ನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು ಅಷ್ಟೆ. ಕೂಲಿಯವರೆಲ್ಲ ಯೂನಿಯನ್ನಿನಲ್ಲಿದ್ದೆವು. ನಮ್ಮ ಘಟಕಕ್ಕೆ ಅಧ್ಯಕ್ಷ ಟ್ರ್ಯಾಕ್ಟರ್ ಓಡಿಸುವ ಖಾದರಣ್ಣ. ಸಕಲೇಶಪುರ ಪೇಟೆಯಿಂದ ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದ. ಮಳೆಗಾಲದಲ್ಲಿ ಕೂಲಿಯವರಿಗೆ ಕಂಬಳಿ ಕೊಡುವುದನ್ನು ಎಸ್ಟೇಟಿನವರು ಒಂದು ವರ್ಷ ಮರೆತಾಗ, ಆಫೀಸಿನ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಅದರ ಅಡಿಯಲ್ಲೇ ಮಲಗಿ ನಿದ್ದೆ ಮಾಡಿದ್ದ. ಕಂಬಳಿ ಬಂದಿತ್ತು. ನಾನು ಆ ಕಮಿಟಿಯ ಸದಸ್ಯ. ಮೀಟಿಂಗಿನಲ್ಲಿ ಕೊನೆಯಲ್ಲಿ ಕೂತು, ಯಾರು ಏನು ಹೇಳಿದರೂ “ಇದ್ರ ಹಿಂದೆ ಏನೋ ಐತೆ” ಎನ್ನುವುದು ನನ್ನ ಕೊಡುಗೆ. ಹತ್ತರಲ್ಲಿ ಒಂದೆರಡು ಸಲ ನಿಜವಾಗಿಯೂ ಏನಾದರೂ ಇರುತ್ತಿದ್ದುದರಿಂದ ನನಗೆ ಬುದ್ಧಿವಂತ ಎಂಬ ಹೆಸರೂ ಬಂದಿತ್ತು.

ಇಂಥವನು ಒಂದು ದಿನ ಅನುಮಾನ ಪಡುವುದನ್ನು ಮರೆತ. ಆ ದಿನದ ಕತೆಯನ್ನೇ ನಿಮಗೆ ಹೇಳಬೇಕಾಗಿರುವುದು.

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ ಪಲ್ಪರ್. ಪಕ್ಕದ ಮೋಟಾರಿನಿಂದ ಅದಕ್ಕೊಂದು ಬೆಲ್ಟು. ಓಡುವ ಬೆಲ್ಟಿಗೆ ಯಾರ ಕೈಯೂ ತಾಗದಿರಲಿ ಎಂದು ಅದರ ಮೇಲೊಂದು ಕಬ್ಬಿಣದ ಜಾಲರಿ, ಆರು ಬೋಲ್ಟು. ಆ ವರ್ಷ ಹಣ್ಣು ಒಂದೇ ಸಲಕ್ಕೆ ಕೆಂಪಾಗಿಬಿಟ್ಟಿತ್ತು. ಬೆಲ್ಟು ಹಳೆಯದಾಗಿ ಗಂಟೆಗೊಮ್ಮೆ ಕಳಚಿಕೊಳ್ಳುತ್ತಿತ್ತು. ಪ್ರತಿ ಸಲವೂ ಆರು ಬೋಲ್ಟು ಬಿಚ್ಚಿ, ಬೆಲ್ಟು ಏರಿಸಿ, ಮತ್ತೆ ಆರು ಬಿಗಿಯುವಷ್ಟರಲ್ಲಿ ಹಣ್ಣಿನ ಚೀಲ ತುಂಬಿದ ಟ್ರ್ಯಾಕ್ಟರುಗಳು ಹೊರಗೆ ಸಾಲುಗಟ್ಟುತ್ತಿದ್ದವು. ಮ್ಯಾನೇಜರ್ ಸಾಹೇಬರು ಬಂದು ನೋಡಿದರು. “ಆ ಜಾಲರಿ ತೆಗೆದಿಡಿ. ಸೀಸನ್ ಮುಗಿದ ಮೇಲೆ ಹಾಕೋಣ,” ಎಂದರು. ಮೋಟಾರಿನ ಗದ್ದಲದಲ್ಲಿ ಅದು ನನ್ನ ಕಿವಿಗೆ ಮಾತ್ರ ಬಿತ್ತು. ಇದರ ಹಿಂದೆ ಏನಿದೆ ಎಂದು ನಾನು ಕೇಳಲಿಲ್ಲ. ನಿಜ ಹೇಳಬೇಕೆಂದರೆ ಸಂತೋಷವೇ ಆಯಿತು. ನನ್ನ ಕೈಯಲ್ಲಿದ್ದ ಸ್ಪಾನರಿನಿಂದಲೇ ಬಿಚ್ಚಿ, ಜಾಲರಿಯನ್ನು ಹಿಂದಿನ ಗೋಡೆಗೆ ಒರಗಿಸಿಟ್ಟೆ.

ಹನ್ನೊಂದು ದಿನ ಏನೂ ಆಗಲಿಲ್ಲ. ಹನ್ನೆರಡನೆಯ ದಿನ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಸಿಪ್ಪೆ ಹೋಗುವ ದಾರಿ ಕಟ್ಟಿಕೊಂಡಿತು. ಹಣ್ಣು ಸುರಿಯುತ್ತಿದ್ದ ರಾಜಮ್ಮ ಬಗ್ಗಿ ಅದನ್ನು ಕೆದಕಲು ಹೋದಳು. ತೋಟದ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿಕೊಳ್ಳುತ್ತಾರೆ. ಆ ಅಂಗಿಯ ತೋಳು ಬೆಲ್ಟಿಗೆ ಸಿಕ್ಕಿತು. ನಾನು ಸ್ವಿಚ್ ಆರಿಸಿದೆ. ಎಷ್ಟು ಬೇಗ ಆರಿಸಿದೆ ಎಂದು ನನಗೆ ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ. ಬಲಗೈಯ ಮೂರು ಬೆರಳು ಹೋದವು. ಖಾದರಣ್ಣ ಅವಳನ್ನು ಎಸ್ಟೇಟಿನ ಜೀಪಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದ.

ಮಾರನೆಯ ಬೆಳಿಗ್ಗೆ ನಾನು ಪಲ್ಪಿಂಗ್ ಮನೆಗೆ ಬಂದಾಗ ಜಾಲರಿ ಯಂತ್ರದ ಮೇಲಿತ್ತು. ಆರು ಬೋಲ್ಟೂ ಬಿಗಿಯಾಗಿದ್ದವು. ನಾನು ಹಾಕಿರಲಿಲ್ಲ.

ಕೈ ಮಾಯುತ್ತಿದ್ದಂತೆ ಯೂನಿಯನ್ನಿನವರು ದೂರು ಕೊಟ್ಟರು, ವಿಚಾರಣೆಗೆ ಕಾರ್ಮಿಕ ಇಲಾಖೆಯ ಅಧಿಕಾರಿ ಬರುತ್ತಾರೆಂದು ಸುದ್ದಿಯಾಯಿತು. ಜಾಲರಿ ಇತ್ತು, ಹೆಂಗಸೇ ಎಚ್ಚರ ತಪ್ಪಿ ಕೈ ಹಾಕಿದ್ದು ಎಂದು ಆಫೀಸಿನ ಕಡೆಯಿಂದ ಒಂದು ಮಾತು ಹರಿದಾಡುತ್ತಿತ್ತು. ಆ ವಾರವೇ ಸಾಹೇಬರು ನನಗೆ ಹೇಳಿ ಕಳಿಸಿದರು.

“ಕೂತ್ಕೊಳ್ಳಿ,” ಎಂದರು. ಹದಿನೆಂಟು ವರ್ಷದ ಕೆಲಸದಲ್ಲಿ ಆ ಕೋಣೆಯಲ್ಲಿ ನಾನು ಕೂತವನಲ್ಲ. ಕುರ್ಚಿಯ ತುದಿಯಲ್ಲಿ, ಯಾವ ಕ್ಷಣದಲ್ಲಾದರೂ ಏಳಬಹುದಾದಂತೆ ಕೂತೆ.

“ಪಲ್ಪಿಂಗ್ ಸೂಪರ್‌ವೈಸರ್ ಯುಗಾದಿಗೆ ಬಿಟ್ಟು ಹೋಗ್ತಾ ಇದಾರೆ. ಹೊರಗಿನವರನ್ನ ತರೋದು ನನಗೆ ಇಷ್ಟ ಇಲ್ಲ. ಮಿಷಿನ್ ನಿಮ್ಮಷ್ಟು ಬಲ್ಲವರು ಇಲ್ಲಿ ಯಾರೂ ಇಲ್ಲ. ನೀವೇ ಆಗಿ. ತಿಂಗಳ ಸಂಬಳ, ಸ್ಟಾಫ್ ಕ್ವಾರ್ಟರ್ಸು. ಯೂನಿಯನ್ನಿಗೆ ಮಾತ್ರ ರಾಜೀನಾಮೆ ಕೊಡಬೇಕಾಗುತ್ತೆ, ಅದು ನಿಯಮ.”

“ಯೋಚ್ನೆ ಮಾಡ್ತೀನಿ ಸಾರ್,” ಎಂದೆ.

“ಮಾಡಿ. ಅವಸರ ಇಲ್ಲ.”

ವಿಚಾರಣೆಯ ವಿಷಯ ಅವರು ಎತ್ತಲಿಲ್ಲ. ರಾಜಮ್ಮನ ಹೆಸರು ತೆಗೆಯಲಿಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ನೀನು ಹೀಗೆ ಹೇಳು, ನಾನು ಹಾಗೆ ಮಾಡುತ್ತೇನೆ ಎಂದು ಬಾಯಿಬಿಟ್ಟಿದ್ದರೆ ಎದ್ದು ಬಂದು ಖಾದರಣ್ಣನಿಗೆ ಹೇಳಿ ಗಂಡಸಾಗುತ್ತಿದ್ದೆ. ಈ ಮನುಷ್ಯ ಹದಿನೆಂಟು ವರ್ಷದ ಕೆಲಸ ಹೊಗಳಿ, ಅವಸರವಿಲ್ಲ ಎಂದು ಕಳಿಸಿಬಿಟ್ಟರು. ಒಳ್ಳೆಯತನವನ್ನು ಹಿಡಿದುಕೊಳ್ಳಲು ಎಲ್ಲೂ ಹಿಡಿಕೆಯೇ ಇಲ್ಲವಲ್ಲ ಎಂದುಕೊಂಡು ಇಳಿಜಾರಿನಲ್ಲಿ ಬಂದೆ.

ಖಾದರಣ್ಣ ಟ್ರ್ಯಾಕ್ಟರಿನ ಚಕ್ರಕ್ಕೆ ಒರಗಿ ಕೂತಿದ್ದ. ಪೂರ್ತಿ ಕೇಳಿ, ಟವೆಲಿನಲ್ಲಿ ಮುಖ ಒರೆಸಿಕೊಂಡ.

“ಫಿಟ್ಟರ್, ನಿನ್ನನ್ನ ತಗೊಂಬುಟ್ರು ಕಣೋ.”

“ಇನ್ನೂ ಹ್ಞೂಂ ಅಂದಿಲ್ಲ.”

“ಹ್ಞೂಂ ಅನ್ನೋದೇನು ಬಂತು? ಊಹ್ಞೂಂ ಅಂದು ಬಂದಿದೀಯಾ? ಇಲ್ವಲ್ಲ. ಯೋಚ್ನೆ ಮಾಡ್ತೀನಿ ಅಂದಿದೀಯ. ಅರ್ಧ ಕೆಲ್ಸ ಆಗೈತೆ.” ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೇಳಿದ, “ಇನ್ನೊಂದು ನೋಡು ಮಾರಾಯ. ಜಾಲರಿ ಇರ್ಲಿಲ್ಲ ಅಂತ ನೀನು ಹೇಳಿದ್ರೆ, ಬಿಚ್ಚಿದ್ದು ಯಾರು ಅಂತ ಕೇಳ್ತಾರೆ. ನೀನೇ. ಸಾಹೇಬ್ರು ಹೇಳಿದ್ರು ಅಂತೀಯ. ನಾನೆಲ್ಲಿ ಹೇಳ್ದೆ ಅಂತಾರೆ ಅವ್ರು. ಎಲ್ಲಾ ನಿನ್ ತಲೆ ಮೇಲೆ ಬೀಳುತ್ತೆ. ಯೂನಿಯನ್ನಿನಲ್ಲಿದ್ರೆ ನಾವು ಅಡ್ಡ ನಿಲ್ಲಬಹುದು. ಬುಟ್ಟು ಹೋದವನಿಗೆ ಯಾರು ನಿಲ್ತಾರೆ?”

ಅವನು ಹೇಳಿದ್ದು ಸರಿಯಾಗಿತ್ತು. ಆದರೆ ಕಮಿಟಿಯಲ್ಲಿ ಒಬ್ಬ ಸದಸ್ಯ ಕಡಿಮೆಯಾಗುತ್ತಾನೆಂದು ಹೆದರಿಸುತ್ತಿದ್ದಾನೋ ಏನೋ ಎಂದೂ ನನಗೆ ಅನ್ನಿಸಿತು. ನೋಡಿ, ಕೀಲಿ ಜೇಬಿಗಿಟ್ಟು ನಮ್ಮೆಲ್ಲರಿಗೆ ಕಂಬಳಿ ತಂದುಕೊಟ್ಟ ಮನುಷ್ಯನ ಮೇಲೂ!

ಗಿರಿಜೆಗೆ ಹೇಳಿದೆ. ಅವಳು ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ. “ನೀವು ಹೆಂಗೂ ಅನುಮಾನ ಪಡ್ತೀರಿ. ಬೇಡ ಅಂದ್ರೂ ಪಡ್ತೀರಿ, ಬೇಕು ಅಂದ್ರೂ ಪಡ್ತೀರಿ. ಪಡೋದನ್ನ ಕುರ್ಚಿ ಮೇಲೆ ಕೂತ್ಕೊಂಡು ಪಡ್ರಿ, ಮಂಡಿ ನೋವಾದ್ರೂ ಕಮ್ಮಿ ಆಗುತ್ತೆ.” ಆಮೇಲೆ ದನಿ ತಗ್ಗಿಸಿ ಕೇಳಿದಳು, “ರಾಜಮ್ಮನ್ನ ಮಾತಾಡಿಸಿದ್ರಾ?”

ಮಾತಾಡಿಸಿರಲಿಲ್ಲ. ಆಸ್ಪತ್ರೆಗೆ ಎಲ್ಲರ ಜೊತೆ ಒಂದು ಸಲ ಹೋಗಿ ಗುಂಪಿನ ಹಿಂದೆ ನಿಂತು ಬಂದಿದ್ದೆ, ಅಷ್ಟೆ. ಜಾಲರಿ ಬಿಚ್ಚಿದ್ದು ಯಾರೆಂದು ಅವಳಿಗೆ ಗೊತ್ತಿತ್ತು. ಅವಳ ಎದುರೇ ಬಿಚ್ಚಿದ್ದು.

ಭಾನುವಾರ ಬಸ್ಸು ಹತ್ತಿ ಹೆಗ್ಗದ್ದೆಗೆ ಹೋದೆ. ಅವಳು ಅಲ್ಲಿ ಅಕ್ಕನ ಮನೆಯಲ್ಲಿದ್ದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಅಂಗಳದಲ್ಲಿ ಅವಳು ಎಡಗೈಯಲ್ಲಿ ಒಣಮೆಣಸಿನಕಾಯಿ ತೊಟ್ಟು ಮುರಿಯಲು ಹೆಣಗುತ್ತಿದ್ದುದನ್ನು ನೋಡಿ ಜೋಡಿಸಿದ್ದೆಲ್ಲ ಮರೆತುಹೋಯಿತು. ತಂದಿದ್ದ ಕಿತ್ತಳೆ ಹಣ್ಣಿನ ಚೀಲವನ್ನು ಜಗಲಿಯ ಮೇಲಿಟ್ಟೆ. ಅವಳ ಅಕ್ಕ ಚೀಲವನ್ನು ನೋಡಿದ ಬಗೆ ನನಗೆ ಚೆನ್ನಾಗಿ ಪರಿಚಯವಿತ್ತು. ನಾನು ಕ್ಯಾಲೆಂಡರನ್ನು ನೋಡುವುದೂ ಹಾಗೆಯೇ.

ಸೂಪರ್‌ವೈಸರ್ ಕೆಲಸದ ವಿಷಯ ಹೇಳಿದೆ. ಬೇರೆಯವರ ಬಾಯಿಂದ ಅವಳ ಕಿವಿಗೆ ಬೀಳುವುದು ಬೇಡವೆನ್ನಿಸಿತ್ತು.

“ತಗೊಂತೀಯಾ ಫಿಟ್ರಣ್ಣ?”

“ಗೊತ್ತಿಲ್ಲ ಕಣಮ್ಮ. ತಗೊಂಡ್ರೆ ನಾನು ಮಾರ್ಕೊಂಬುಟ್ಟೆ ಅಂತ ನೀನು ಅಂದ್ಕೋತೀಯಾ?”

ಅವಳು ಒಂದು ತೊಟ್ಟು ಮುರಿದು, ಇನ್ನೊಂದನ್ನು ಕೈಗೆತ್ತಿಕೊಂಡು ಹೇಳಿದಳು, “ಆಫೀಸರ್ ಮುಂದೆ ನಿಜ ಹೇಳ್ದಿದ್ರೆ ಅಂದ್ಕೋತೀನಿ.”

“ಹೇಳಿದ್ರೆ?”

“ಹೇಳಿದ್ರೂ ಒಂಚೂರು ಅಂದ್ಕೋತೀನಿ. ಸುಳ್ಳು ಯಾಕ್ ಹೇಳ್ಲಿ?”

ಬಸ್ಸಿನಲ್ಲಿ ವಾಪಸು ಬರುವಾಗ ಅದನ್ನೇ ಯೋಚಿಸುತ್ತಾ ಕೂತೆ. ನನಗೆ ಬೇಕಾಗಿದ್ದದ್ದು ಒಂದು ರಸೀದಿ. ಕ್ಷಮಿಸಿದ್ದೇನೆ, ಹೋಗು, ಕುರ್ಚಿಯಲ್ಲಿ ಕೂತುಕೋ ಎನ್ನುವಂಥದ್ದು. ಆ ಹುಡುಗಿ, ನನಗಿಂತ ಹದಿನೈದು ವರ್ಷ ಚಿಕ್ಕವಳು, ಅದನ್ನು ಕೊಡಲಿಲ್ಲ.

ವಿಚಾರಣೆ ಎಸ್ಟೇಟ್ ಆಫೀಸಿನಲ್ಲೇ ನಡೆಯಿತು. ಅಧಿಕಾರಿ ಮೇಜಿನ ಆಚೆ, ಸಾಹೇಬರು ಪಕ್ಕದ ಕುರ್ಚಿಯಲ್ಲಿ, ಖಾದರಣ್ಣ ಮತ್ತು ರಾಜಮ್ಮ ಬೆಂಚಿನ ಮೇಲೆ. ನಾನು ನಿಂತೆ. ಜಾಲರಿ ಇತ್ತೇ ಎಂದು ಕೇಳಿದರು.

“ಇರ್ಲಿಲ್ಲ ಸಾರ್. ನಾನೇ ಬಿಚ್ಚಿದ್ದೆ. ಬಿಚ್ಚೋಕೆ ಸಾಹೇಬ್ರು ಹೇಳಿದ್ರು.”

ಮುಂದೆ ನಡೆಯಬೇಕಾದ್ದನ್ನೆಲ್ಲ ನಾನು ಮನಸ್ಸಿನಲ್ಲಿ ನೋಡಿಯಾಗಿತ್ತು. ಸಾಹೇಬರು ಎದ್ದು ನಿಲ್ಲುತ್ತಾರೆ, ಸುಳ್ಳು ಎನ್ನುತ್ತಾರೆ, ಖಾದರಣ್ಣ ಕೂಗಾಡುತ್ತಾನೆ, ನಾನು ತಲೆ ಎತ್ತಿ ನಿಂತಿರುತ್ತೇನೆ. ಸಾಹೇಬರು ಕಿಟಕಿಯ ಕಡೆ ಒಮ್ಮೆ ನೋಡಿ, “ಹೌದು, ನಾನು ಹೇಳಿದ್ದು ನಿಜ,” ಎಂದುಬಿಟ್ಟರು. “ಮಾರನೇ ದಿನ ಬೆಳಿಗ್ಗೆ ನಾನೇ ಮುಂದೆ ನಿಂತು ಹಾಕಿಸಿದೆ. ಇನ್ನೊಬ್ಬರ ಕೈ ಹೋಗಬಾರದು ಅಂತ.”

ಅಧಿಕಾರಿ ಬರೆದುಕೊಂಡರು. ಅಷ್ಟೇ. ನನ್ನ ಧೈರ್ಯವನ್ನು ಏನು ಮಾಡಬೇಕೆಂದು ತಿಳಿಯದೆ ನಾನು ಅಲ್ಲೇ ನಿಂತಿದ್ದೆ. ಮದುವೆಗೆ ಹೊಸ ಅಂಗಿ ಹೊಲಿಸಿಕೊಂಡು ಹೋದರೆ ಮದುವೆ ನಿನ್ನೆಯೇ ಮುಗಿದಿದ್ದ ಹಾಗೆ.

ರಾಜಮ್ಮನಿಗೆ ಪರಿಹಾರ ಸಿಕ್ಕಿತು. ನರ್ಸರಿಯಲ್ಲಿ ಸಸಿ ನೋಡಿಕೊಳ್ಳುವ ಹಗುರ ಕೆಲಸವೂ ಸಿಕ್ಕಿತು. ಆದರೆ ಸಾಹೇಬರು ಒಪ್ಪಿಕೊಂಡದ್ದು ಯಾಕೆ? “ಇನ್ಶೂರೆನ್ಸ್ ಐತಲ್ಲ, ಅವ್ರಿಗೇನು ನಷ್ಟ?” ಎಂದ ಖಾದರಣ್ಣ. ವಕೀಲರು ಹೇಳಿಕೊಟ್ಟಿರಬೇಕು ಎಂದರು ಕೆಲವರು. ಆ ಜಾಲರಿಯನ್ನು ಮಾರನೆಯ ದಿನ ಹಾಕಿಸಿದ್ದು ಇನ್ನೊಬ್ಬರ ಕೈ ಉಳಿಸಲೋ, ಸಾಕ್ಷಿ ಅಳಿಸಲೋ? ಎರಡಕ್ಕೂ ಆರೇ ಬೋಲ್ಟು ಸಾಕು.

ಒಂದು ವಾರದ ಮೇಲೆ ನನ್ನ ಕೈಗೆ ಸೂಪರ್‌ವೈಸರ್ ನೇಮಕದ ಕಾಗದ ಬಂತು. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಅವರ ಎದುರೇ ಅವರ ವಿರುದ್ಧ ಹೇಳಿಕೆ ಕೊಟ್ಟವನಿಗೆ ಇನ್ನೆಲ್ಲಿಯ ಕುರ್ಚಿ ಎಂದುಕೊಂಡು ನೆಮ್ಮದಿಯಾಗಿದ್ದೆ. ಕಾಗದದ ಹಿಂಬದಿಯನ್ನೂ ತಿರುವಿ ನೋಡಿದೆ. ಬಾಯಿ ಮುಚ್ಚಿಸಲು ಕೊಟ್ಟ ಕೆಲಸವಾಗಿದ್ದರೆ, ಬಾಯಿ ಬಿಟ್ಟ ಮೇಲೂ ಯಾಕೆ ಕೊಡುತ್ತಾರೆ? ಕೂಲಿಯವರ ಲೈನ್ ಮನೆಗಳಲ್ಲಿ ಉತ್ತರ ಸಿದ್ಧವಾಗಿತ್ತು. ಸಾಹೇಬರೂ ಫಿಟ್ಟರೂ ಎಲ್ಲಾ ಮೊದಲೇ ಮಾತಾಡಿಕೊಂಡಿದ್ದರು, ಹೇಳಿಕೆ ಕೊಟ್ಟದ್ದೂ ನಾಟಕ, ಒಪ್ಪಿಕೊಂಡದ್ದೂ ನಾಟಕ. ನಾನು ಲೈನಿನವರ ಜಾಗದಲ್ಲಿದ್ದಿದ್ದರೆ ಆ ಮಾತನ್ನು ಮೊದಲು ಹೊರಡಿಸುತ್ತಿದ್ದವನು ನಾನೇ.

ಐದು ದಿನ ಕಾಗದವನ್ನು ಅಕ್ಕಿ ಡಬ್ಬದ ಮೇಲಿಟ್ಟು ಓಡಾಡಿದೆ. ಆರನೆಯ ದಿನ ಒಪ್ಪಿದೆ.

ಯಾಕೆಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತಾ ಬಂದಿದ್ದೇನೆ. ಇನ್ನು ಯಾರೇ ಬಂದು ಜಾಲರಿ ತೆಗೆ ಎಂದರೂ ಇಲ್ಲ ಎನ್ನುವ ಅಧಿಕಾರ ನನ್ನ ಕೈಯಲ್ಲಿರಲಿ ಎಂದು. ಉತ್ತರ ಸುಳ್ಳಲ್ಲ. ಎರಡು ಸಲ ಹಾಗೆ ಇಲ್ಲ ಎಂದೂ ಇದ್ದೇನೆ. ಆದರೆ ಸ್ಟಾಫ್ ಕ್ವಾರ್ಟರ್ಸಿನಲ್ಲಿ ಮನೆಯೊಳಗೇ ನಲ್ಲಿ ಇತ್ತು. ನನ್ನ ಮಂಡಿ ನಿಜವಾಗಿಯೂ ನೋಯುತ್ತಿತ್ತು. ಮಿಷಿನ್ ನಿಮ್ಮಷ್ಟು ಬಲ್ಲವರಿಲ್ಲ ಎಂದದ್ದು ಕಿವಿಯಲ್ಲಿ ಇಂಪಾಗಿ ಕೂತಿತ್ತು. ಇವುಗಳಲ್ಲಿ ಯಾವುದು ಮೊದಲು ಮನಸ್ಸಿಗೆ ಬಂತು ಎಂದು ನನ್ನನ್ನೇ ಎಷ್ಟೋ ಸಲ ವಿಚಾರಣೆಗೆ ನಿಲ್ಲಿಸಿದ್ದೇನೆ. ಸಾಕ್ಷಿ ಪ್ರತಿ ಸಲವೂ ಹೇಳಿಕೆ ಬದಲಿಸುತ್ತಾನೆ.

ರಾಜೀನಾಮೆ ಬರೆದು, ಯೂನಿಯನ್ ಕಾರ್ಡಿನ ಜೊತೆ ಖಾದರಣ್ಣನ ಕೈಗೆ ಕೊಟ್ಟೆ. ಓದಿ, ಮಡಿಸಿ, ಅಂಗಿ ಜೇಬಿಗಿಟ್ಟುಕೊಂಡ. ಜಗಳವಾಡುತ್ತಾನೆಂದು ಕಾದೆ. ಟ್ರ್ಯಾಕ್ಟರ್ ಹತ್ತಿ ಕೂತು, “ಸರಿ ಸಾರ್, ಬರ್ತೀನಿ,” ಎಂದ.

ಹದಿನೆಂಟು ವರ್ಷ ‘ಕಣೋ’ ಎಂದ ಬಾಯಿ. ನಾನು “ಖಾದರಣ್ಣಾ” ಎಂದು ಕೂಗಿದ್ದು ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲವೋ, ಕೇಳಿಸಿಯೂ ಹೋದನೋ. ನಿವೃತ್ತನಾಗುವವರೆಗೆ ಅವನು ನನ್ನನ್ನು ಸಾರ್ ಎಂದೇ ಕರೆದ. ಈಚೆಗೆ ಪೇಟೆಯಲ್ಲಿ ಸಿಕ್ಕಿದಾಗ, ಇನ್ನಾದರೂ ಬಿಡು ಮಾರಾಯ ಎಂದೆ. “ಅಭ್ಯಾಸ ಆಗೋಗೈತೆ ಸಾರ್,” ಎಂದು ನಕ್ಕ. ಅದು ನಿಜವಾದ ನಗುವೇ ಇರಬೇಕು. ಮನೆಯವರೆಗೂ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಬಂದೆ.

ಆ ಸಾಹೇಬರೂ ಹೋಗಿ ಬೇರೆಯವರು ಬಂದಿದ್ದಾರೆ. ಘಟಕದ ಅಧ್ಯಕ್ಷೆ ಈಗ ರಾಜಮ್ಮ. ಎಡಗೈಯಲ್ಲಿ ಬರೆಯುವುದನ್ನು ಕಲಿತಿದ್ದಾಳೆ, ಅಕ್ಷರಗಳು ಹಿಂದಕ್ಕೆ ವಾಲಿರುತ್ತವೆ. ಇವತ್ತು ನಾನು ಟೀ ಮುಗಿಸುವ ಹೊತ್ತಿಗೆ ಅವಳೇ ಬಂದು ಮೇಜಿನ ಮೇಲೆ ಒಂದು ಮನವಿ ಪತ್ರ ಇಟ್ಟಳು. ಮೇಲಿನ ಆಫೀಸಿಗಲ್ಲ, ನನ್ನ ಹೆಸರಿಗೇ ಬರೆದದ್ದು. ತೊಳೆಯುವ ತೊಟ್ಟಿಯ ಪಕ್ಕದ ನೆಲ ಕಾಫಿಬೀಜದ ಲೋಳೆಯಿಂದ ಜಾರುತ್ತದೆ. ಈ ತಿಂಗಳಲ್ಲಿ ಇಬ್ಬರು ಬಿದ್ದಿದ್ದಾರೆ. ಸೂಪರ್‌ವೈಸರಿಗೆ ಎರಡು ಸಲ ಹೇಳಿದ್ದೇವೆ, ಏನೂ ಮಾಡಿಲ್ಲ. ಕಲ್ಲು ಹಾಸಿಸಬೇಕು. ನಾಲ್ಕು ಸಾಲು, ಕೆಳಗೆ ಹನ್ನೊಂದು ಸಹಿ.

ಓದಿದೆ. ಇನ್ನೊಂದು ಸಲ ಓದಿದೆ. ಯೂನಿಯನ್ನಿನ ಚುನಾವಣೆ ಹತ್ತಿರವಿದೆಯೇ? ಹೊಸ ಮ್ಯಾನೇಜರಿಗೂ ನನಗೂ ತಂದಿಡಲು ಯಾರಾದರೂ ನೋಡುತ್ತಿದ್ದಾರೆಯೇ? ಹನ್ನೆರಡು ವರ್ಷದ ಹಳೆಯ ಬಾಕಿಯೇನಾದರೂ ಇದೆಯೇ?

“ಯಾರು ಬರೆಸಿದ್ದು ರಾಜಮ್ಮ?” ಎಂದು ಕೇಳಿಯೇಬಿಟ್ಟೆ.

ಅವಳು ನನ್ನ ಮುಖವನ್ನೇ ನೋಡಿದಳು. ಸಿಟ್ಟು ಇರಲಿಲ್ಲ.

“ಬರೆಸೋದೇನೈತೆ ಸಾರ್? ನೆಲ ಜಾರುತ್ತೆ. ಜಾರುತ್ತೆ ಅಂತ ಬರ್ದಿದೀವಿ.”

“ಅಷ್ಟೇನಾ?”

“ಅಷ್ಟೇ.”

ಅವಳು ಸುಳ್ಳು ಹೇಳುವವಳಲ್ಲ. ಅದು ನನಗೆ ಹೆಗ್ಗದ್ದೆಯ ಅಂಗಳದಲ್ಲೇ ಗೊತ್ತಾಗಿತ್ತು. ಪೆನ್ನು ತೆಗೆದು ಕಾಗದದ ಕೆಳಗೆ, ‘ಹೇಳಿದ್ದು ಹೌದು, ನಾನು ಮಾಡಿಲ್ಲ’ ಎಂದು ಬರೆದು ಸಹಿ ಹಾಕಿದೆ. ಬರೆಯುವಾಗ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ. ವಕೀಲರೂ ಇರಲಿಲ್ಲ, ವಿಮೆಯೂ ಇರಲಿಲ್ಲ. ಒಬ್ಬ ಮನುಷ್ಯ ಕಿಟಕಿಯ ಕಡೆ ನೋಡಿ ನಿಜ ಎನ್ನುವಾಗ ಅವನ ಒಳಗೂ ಬರೀ ಇಷ್ಟೇ ಇದ್ದಿರಬಹುದೇ ಎಂದು ಮೊದಲ ಬಾರಿಗೆ ತೋಚಿತು. ಇಲ್ಲದೆಯೂ ಇದ್ದಿರಬಹುದು. ಅದನ್ನು ಇನ್ನು ಯಾರನ್ನು ಕೇಳಲಿ?

ಇದನ್ನೆಲ್ಲ ಯೋಚಿಸುತ್ತಾ ಕೂರುವ ಮನಸ್ಸಾಗಲಿಲ್ಲ. ಅಳತೆ ಟೇಪು ತೆಗೆದುಕೊಂಡು ರಾಜಮ್ಮನ ಹಿಂದೆಯೇ ತೊಟ್ಟಿಯ ಕಡೆ ಇಳಿದೆ. ಕೆಲಸದವರು ಮಾತು ನಿಲ್ಲಿಸಿ ನೋಡಿದರು. ಚಪ್ಪಲಿ ಬಿಟ್ಟು, ಬರಿಗಾಲನ್ನು ನೆಲದ ಮೇಲೆ ಊರಿದೆ.

ಜಾರುತ್ತಿತ್ತು.